ವೀರಪ್ಪ ನೇಯ್ದ ಮನಾಕಿನ್

ಗಜೇಂದ್ರಗಡದ ನೇಕಾರ ವೀರಪ್ಪನ ಹೊಟ್ಟೆಕಿಚ್ಚು ಸಣ್ಣದಲ್ಲ. ಅದರ ಮೇಲೆ ಹಂಚು ಇಟ್ಟರೆ ಪಕ್ಕದ ರಾಜೂರಿಗೆಲ್ಲ ರೊಟ್ಟಿ ಬೇಯುತ್ತಿದ್ದವು. ಕಿಚ್ಚೆಲ್ಲ ಓಣಿಯಾಚೆಯ ನೇಕಾರ ಶಂಭುಲಿಂಗನ ಮೇಲೆ. ಶಂಭುಲಿಂಗ ಕೆಮ್ಮಿದರೂ ತನಗಿಂತ ಗಟ್ಟಿ ಕೆಮ್ಮಿದನೆಂದು ವೀರಪ್ಪ ಎರಡು ದಿನ ಊಟ ಬಿಡುತ್ತಿದ್ದ.

ಕಳೆದ ಶ್ರಾವಣದಲ್ಲಿ ರೋಣದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಬನಶ್ರೀ ಎರಡು ಫೋಟೊ ಹಿಡಿದು ಬಂದರು. ದಕ್ಷಿಣ ಅಮೆರಿಕದ ಕಾಡಿನ ಮನಾಕಿನ್ ಹಕ್ಕಿಗಳು, ಗುಬ್ಬಿಗಿಂತ ಚಿಕ್ಕವು. ಎರಡರದೂ ಕಪ್ಪು ಮೈ. ಒಂದರ ತಲೆ ಬಂಗಾರದ ಹಳದಿ, ಇನ್ನೊಂದರದು ಕುಂಕುಮಗೆಂಪು.

“ಹೆಣ್ಣು ಎರಡರಾಗೂ ಹಸರs. ಬಾಜೂಕ ಕುಂದ್ರಿಸಿದ್ರ ನನಗೂ ಗುರ್ತ ಸಿಗೂದಿಲ್ರಿ. ಗಂಡಿನ ತಲಿ ನೋಡಬೇಕು. ಅಮೆಜಾನ್ ಹೊಳಿ ಉತ್ತರದ ದಂಡಿಗೆ ಹಳದಿ, ದಕ್ಷಿಣದ ದಂಡಿಗೆ ಕೆಂಪು,” ಎಂದರು ಬನಶ್ರೀ.

ಇಬ್ಬರು ನೇಕಾರರೂ ಒಂದೊಂದು ಹಕ್ಕಿಯನ್ನು ಸೆರಗಿನಲ್ಲಿ ನೇಯಬೇಕು. ಯಾರದು ಚೆಂದವೋ ಅವರಿಗೆ ಕಾಲೇಜಿನ ಹದಿನಾಲ್ಕು ಮೇಡಮ್ಮರ ಸೀರೆ ನೇಯುವ ಕೆಲಸ. ಹಳದಿ ವೀರಪ್ಪನಿಗೆ ಬಂತು, ಕೆಂಪು ಶಂಭುಲಿಂಗನಿಗೆ.

“ನೋಡಿದಿಲ್ಲ?” ವೀರಪ್ಪ ಹೆಂಡತಿ ವೀರವ್ವನ ಮುಂದೆ ಕುದಿದ. “ನಮ್ಮೂರ ಸೀರಿ ಸೆರಗೇ ಕೆಂಪು. ಕೆಂಪು ಅವಗ ಕೊಟ್ರು ಅಂದ್ರ ಹಿರೀತನ ಅವಂದಾತು!”

“ಹಕ್ಕಿಗೆಂಥಾ ಹಿರೀತನಾರಿ? ಕೊಟ್ಟಿದ್ದು ಸುಮ್ನ ನೇಯ್ರಿ.”

“ಹಳದಿ ಹಕ್ಕಿ ಅಂದ್ರ ಕಾಮಾಲಿ ಆದ ಹಕ್ಕಿ!”

ಕೊನೆಗೆ ಕೆಂಪು ತಲೆಯನ್ನೇ ನೇಯಲು ಕೂತ. ಎಂಟು ದಿನ ಮಗ್ಗದ ಗುಂಡಿಯಿಂದ ಏಳದೆ ಕಾಲಿಗೆ ಬೇರು ಬಂದವು. ಕೈ ಸೀರೆಯ ಮೇಲೆ, ಕಣ್ಣು ಮಾತ್ರ ಶಂಭುಲಿಂಗನ ಬಾಗಿಲ ಮೇಲೆ.

ಬನಶ್ರೀ ಬಂದ ದಿನ ಶಂಭುಲಿಂಗನ ಕಟ್ಟೆಯ ಮೇಲೆ ಎರಡೂ ಸೀರೆ ಹರವಿದರು.

“ಕಾಕಾರ, ಇದರ ತಲಿ ಎಲ್ಲೈತ್ರಿ?” ಬನಶ್ರೀ ವೀರಪ್ಪನ ಸೀರೆಯ ಮೇಲೆ ಬೆರಳಿಟ್ಟು ಕೇಳಿದರು.

ಕೆಂಪು ಸೆರಗಿನಲ್ಲಿ ಕೆಂಪು ತಲೆ ಕರಗಿಹೋಗಿತ್ತು. ಬರೀ ಕಪ್ಪು ಮುಂಡ ಕೊಂಬೆ ಹಿಡಿದು ಕೂತಿತ್ತು. ಶಂಭುಲಿಂಗ ತಲೆಯ ಸುತ್ತ ಬಿಳಿ ಎಳೆ ಓಡಿಸಿದ್ದ. ಅವನ ಹಕ್ಕಿ ದೂರದ ಅಬ್ಬಿಗೇರಿ ಊರಿಗೂ ಕಾಣುತ್ತಿತ್ತು.

“ನಿಮಗ ಹಳದಿ ಕೊಟ್ಟಿದ್ನಲ್ರಿ?”

“ಹೊಳಿ ಈಸಿ ಈ ದಂಡಿಗೆ ಬಂದೈತ್ರಿ, ಮೇಡಮ್ಮೋರ,” ಎಂದ ವೀರಪ್ಪ.

“ಹೌದ ಮಾಮಾ, ತಲಿ ಮಾತ್ರ ಆ ದಂಡ್ಯಾಗ ಬಿಟ್ಟು ಬಂದೈತಿ,” ಎಂದ ಶಂಭುಲಿಂಗ.

ಹದಿನಾಲ್ಕು ಸೀರೆಗಳೂ ಶಂಭುಲಿಂಗನ ಪಾಲಾದವು. ತಲೆಯಿಲ್ಲದ ಹಕ್ಕಿಯನ್ನು ವೀರವ್ವ ಉಟ್ಟಳು. ಕೇಳಿದವರಿಗೆ, “ನಮ್ಮನಿಯವ್ರು ಕೈಯಾರೆ ನೇಯ್ದಾರ. ತಲಿ ಒಂದು ಖರ್ಚ ಮಾಡಿಲ್ಲ ನೋಡ್ರಿ,” ಎನ್ನುತ್ತಿದ್ದಳು.

ಆ ಸೀರೆಗಳಲ್ಲಿ ಹಳದಿ ಹಕ್ಕಿಯೂ ಬೇಕೆಂದು ಬನಶ್ರೀ ಹೇಳಿದ್ದರಿಂದ, ಅದರ ಫೋಟೊವನ್ನು ವೀರಪ್ಪನೇ ಓಣಿ ದಾಟಿ ಕೊಟ್ಟುಬರಬೇಕಾಯಿತು. ಶಂಭುಲಿಂಗನ ಕೈಗೆ ಹೋದದ್ದೇ ತಡ, ಆ ಕಾಮಾಲೆಯ ಹಕ್ಕಿ ವೀರಪ್ಪನ ಕಣ್ಣಿಗೆ ಅಪ್ಪಟ ಬಂಗಾರವಾಗಿ ಹೊಳೆಯಿತು.