ಅವ್ವ ಉಸಿರು ಹಿಡಿದದ್ದು

ಯಾರಾದರೂ ಮಾತಾಡಿಸಿದರೆ ನಮ್ಮವ್ವ ಓಗೊಡದೆ ಇದ್ದದ್ದನ್ನು ನಾನು ಕಂಡಿಲ್ಲ. ಕೆ.ಆರ್. ಪೇಟೆ ಬಸ್ಸಿನಲ್ಲಿ ಮುಂದಕ್ಕೆ ಹೋಗಿ ಎಂದು ಕಂಡಕ್ಟರು ಎಲ್ಲರಿಗೂ ಸೇರಿಸಿ ಕೂಗಿದರೂ ಅವ್ವ ಒಬ್ಬಳೇ "ಊಂ ಕನಪ್ಪ, ಓಯ್ತೀನಿ" ಅನ್ನುವಳು. ಕೇಳಿದವರಿಗೆ ಉತ್ತರ ಕೊಡದವರು ಮನುಷ್ಯರೇ ಅಲ್ಲ ಎಂಬುದು ಅವಳ ತೀರ್ಮಾನ. ನನಗೆ ನಾಚಿಕೆಯಾಗಿ ಅವಳ ಸೆರಗು ಜಗ್ಗುತ್ತಿದ್ದೆ.

ತೊಂಬತ್ತರ ದಶಕದ ಕೊನೆಯಲ್ಲಿ ಅವ್ವ ಕೆಮ್ಮಿದಾಗಲೆಲ್ಲ ರಕ್ತ ಬೀಳತೊಡಗಿತು. ಹಿಂದೆಂದೋ ಬಂದುಹೋಗಿದ್ದ ಕ್ಷಯ ಎಡಗಡೆಯ ಶ್ವಾಸಕೋಶವನ್ನು ತಿಂದುಹಾಕಿತ್ತು. ಅದನ್ನು ತೆಗೆಯಲೇಬೇಕು. ಆದರೆ ಬಲಗಡೆಯದೊಂದೇ ಮೈಯ ಭಾರವನ್ನೆಲ್ಲ ಹೊತ್ತೀತೇ ಎಂದು ತಿಳಿಯದೆ ಬೆಂಗಳೂರಿನ ಡಾಕ್ಟರು ಆಪರೇಷನ್ನಿಗೆ ಒಪ್ಪುವಂತಿರಲಿಲ್ಲ. ಅದಕ್ಕೆ ಆಗಷ್ಟೇ ಬಂದಿದ್ದ ಪರೀಕ್ಷೆಯೊಂದಿತ್ತು. ಎಂಆರ್‌ಐ ಕೊಳವೆಯೊಳಗೆ ಮಲಗಿಸಿ, ಕೈಯ ನರಕ್ಕೆ ಔಷಧಿ ಬಿಟ್ಟು, ಅದು ಶ್ವಾಸಕೋಶಕ್ಕೆ ನುಗ್ಗುವಾಗ ಒಂದರ ಹಿಂದೊಂದು ಚಿತ್ರ ತೆಗೆದು, ಎಲ್ಲೆಲ್ಲಿ ಎಷ್ಟು ರಕ್ತ ಹರಿಯುತ್ತದೆಂದು ಅಳೆಯುತ್ತಿದ್ದರು. ಅಷ್ಟು ಹೊತ್ತೂ ಉಸಿರು ಹಿಡಿದಿರಬೇಕು. ಎದೆ ಅಲುಗಿದರೆ ಚಿತ್ರ ಕದಡಿಹೋಗುತ್ತದೆ.

ಔಷಧಿ ಬಿಡುವ ಮುಂಚೆ ಅಭ್ಯಾಸ ಮಾಡಿಸಿದರು. ಗಾಜಿನ ಈಚೆ ಕೂತ ಟೆಕ್ನಿಷಿಯನ್ ಮೈಕಿನಲ್ಲಿ ಉಸಿರು ಹಿಡಿಯಿರಿ ಎಂದ. ಒಳಗಿನಿಂದ ಸ್ಪೀಕರಿನಲ್ಲಿ ಉತ್ತರ ಬಂತು: "ಊಂ ಕನಪ್ಪ, ಇಡ್ಕಂಡಿವ್ನಿ."

ಮಾತಾಡಬೇಡಿ ಎಂದರೆ, ಆಯ್ತು ಮಾತಾಡಲ್ಲ ಎಂದು ಅದಕ್ಕೂ ಒಂದು ಮಾತು. ಎಷ್ಟು ಸಲ ಮಾಡಿಸಿದರೂ ಅಷ್ಟೇ. ಹೀಗಾದರೆ ಪರೀಕ್ಷೆಯನ್ನೇ ಬಿಡಬೇಕಾಗುತ್ತದೆ ಎಂದರು ಡಾಕ್ಟರು. ನನಗೆ ಅವ್ವನ ಮೇಲೂ ಸಿಟ್ಟು, ಕಿವುಡರಿಗೆ ಹೇಳುವಂತೆ ಕಿರುಚುತ್ತಿದ್ದ ಟೆಕ್ನಿಷಿಯನ್ ಮೇಲೂ ಸಿಟ್ಟು. ಅದಕ್ಕಿಂತ ಹೆಚ್ಚಾಗಿ ಭಯ.

ಅವಳು ಓಗೊಡದ್ದನ್ನು ಕಂಡಿಲ್ಲ ಎಂದೆನಲ್ಲ, ಅದು ಪೂರ್ತಿ ನಿಜವಲ್ಲ. ಊರಮ್ಮನ ಪೂಜೆಗೆ ಕೆರೆಯಿಂದ ಮೀಸಲು ನೀರು ತರುತ್ತಿದ್ದವಳು ಅವ್ವನೇ. ಬಿಂದಿಗೆ ತಲೆಗೇರಿದ ಮೇಲೆ ಗುಡಿಯ ಮೆಟ್ಟಿಲಲ್ಲಿ ಇಳಿಸುವ ತನಕ ಯಾರು ಕರೆದರೂ ತುಟಿ ಬಿಚ್ಚುವಂತಿಲ್ಲ, ಬಿಚ್ಚಿದರೆ ನೀರು ಮೈಲಿಗೆ. ಮೈದುನಂದಿರು ದಾರಿಯಲ್ಲಿ ನಿಂತು ಬೇಕೆಂತಲೇ ಮಾತಿಗೆಳೆಯುತ್ತಿದ್ದರು. ಅವ್ವ ಕಣ್ಣೆತ್ತದೆ ದಾಟಿ ಬರುತ್ತಿದ್ದಳು.

ಮೈಕು ಇಸಕೊಂಡೆ. "ಅವ್ವಾ, ನಾನು ಕನವ್ವ. ಮೀಸಲು ನೀರು ತಲೆ ಮೇಲದೆ ಅನ್ಕೊ. ಉಸ್ರು ಎಳ್ಕೊಂಡು ಬಾಯಿ ಮುಚ್ಕೊ. ಯಾರು ಕೂಗುದ್ರೂ ಓಗೊಡ್ಬ್ಯಾಡ."

ಸದ್ದೇ ಇಲ್ಲ. ಡಾಕ್ಟರು ತಡಮಾಡದೆ ಔಷಧಿ ಬಿಡಿಸಿದರು. ಯಂತ್ರ ಬಡಬಡ ಬಡಿದುಕೊಂಡು ನಿಂತಿತು. ಉಸಿರು ಬಿಡಿ ಎಂದ ಟೆಕ್ನಿಷಿಯನ್. ಒಳಗಿನಿಂದ ಏನೂ ಇಲ್ಲ. ಇನ್ನೂ ಜೋರಾಗಿ ಕೂಗಿದ. ಗಾಜಿನಾಚೆ ಕಾಣುತ್ತಿದ್ದ ಅವಳ ಪಾದಗಳು ಅಲುಗಲಿಲ್ಲ. ಡಾಕ್ಟರು ಬಾಗಿಲಿಗೆ ಓಡಿದರು. ಆಮೇಲೆ ಹೊಳೆಯಿತು, ಯಾರು ಕೂಗಿದರೂ ಓಗೊಡಬೇಡ ಎಂದವಳು ನಾನೇ. ಬಿಂದಿಗೆ ಇನ್ನೂ ಅವಳ ತಲೆಯ ಮೇಲೇ ಇತ್ತು.

"ಗುಡಿ ಬಂತು ಕನವ್ವ," ಎಂದೆ. "ಇಳ್ಸು."

ಅವಳು ಉಸಿರು ಬಿಟ್ಟ ಸದ್ದು ಸ್ಪೀಕರಿನಿಂದ ಕೋಣೆಯನ್ನೆಲ್ಲ ತುಂಬಿತು.

ಡಾಕ್ಟರು ಬಂದು ಪರದೆ ನೋಡಿದರು. ಲೆಕ್ಕ ಹಾಕುವುದು ಬಾಕಿಯಿದೆ, ಆದರೂ ಬಲಗಡೆ ರಕ್ತ ಮೂಲೆಮೂಲೆಗೂ ಹರಿದಿರುವುದು ಕಾಣುತ್ತಿದೆ, ಧೈರ್ಯವಾಗಿ ಆಪರೇಷನ್ ಮಾಡಬಹುದು ಎಂದರು.

ಹೊರಗೆಳೆದಾಗ ಅವ್ವನ ಮುಖವೆಲ್ಲ ಬೆವರು. ನನ್ನ ಕೈ ಹಿಡಿದುಕೊಂಡು ಕೇಳಿದಳು: "ಚೆಲ್ಲಲಿಲ್ವಾ ಮಗ?"

ಇಲ್ಲ ಎನ್ನಲು ಹೋದೆ. ಅಳು ಒತ್ತರಿಸಿ ಬಂದು ಮಾತೇ ಹೊರಡಲಿಲ್ಲ.

"ಕೇಳ್ದೋರ್ಗೆ ಒಂದು ಉತ್ರ ಕೊಡಕಾಗಕಿಲ್ವಾ ನಿಂಗೆ?" ಎಂದು ಬೈದಳು.