ಚೀಟಿಯಲ್ಲಿ ಬಾರದ ಬಾರ್ಸಬ

ಕೆಂಡಲ್ ಪಾರ್ಕ್ ಎಂಬ ಊರಿನಲ್ಲಿ ನಾನು ಇಳಿದುಕೊಂಡಿದ್ದ ಗ್ರೇಸ್ ಆಂಟಿಯ ಬೇಸ್‌ಮೆಂಟಿನಲ್ಲಿ ಆ ಭಾನುವಾರ ಕನ್ನಡ ಪ್ರಾರ್ಥನಾ ಕೂಟವಿತ್ತು. ಮುಂದಿನ ಕೂಟ ಯಾರ ಮನೆಯಲ್ಲೆಂದು ಇವರು ಪ್ರತಿ ಸಲವೂ ಚೀಟಿ ಎತ್ತಿಯೇ ತೀರ್ಮಾನಿಸುತ್ತಾರಂತೆ. ಚೀಟಿಗಳ ಬಟ್ಟಲು ಆಗಲೇ ಸಿದ್ಧವಾಗಿತ್ತು. ಹಿರಿಯರೊಬ್ಬರು ಅಂದು ಹೇಳಿದ್ದೂ ಚೀಟಿಯ ಕಥೆಯನ್ನೇ. ಗುರುವನ್ನು ಹಿಡಿದುಕೊಟ್ಟ ಯೂದ ಸತ್ತ ಮೇಲೆ ಹನ್ನೆರಡು ಮಂದಿ ಅಪೊಸ್ತಲ ಶಿಷ್ಯರಲ್ಲಿ ಒಂದು ಜಾಗ ಖಾಲಿಯಾಯಿತು. ಬಾರ್ಸಬ, ಮತ್ತೀಯ ಎಂಬ ಇಬ್ಬರನ್ನು ನಿಲ್ಲಿಸಿ ಚೀಟಿ ಹಾಕಿದರು. ಮತ್ತೀಯನ ಹೆಸರು ಬಂತು. ದೇವರ ಆಯ್ಕೆ ಎಂದು ಆ ಹಿರಿಯರು ಖುಷಿಯಾಗಿ ಕಥೆ ಮುಗಿಸಿಬಿಟ್ಟರು.

"ಅಂಕಲ್, ಆ ಇನ್ನೊಬ್ರು ಏನಾದ್ರು?" ಎಂದು ಕೇಳಿದಳು ಸಾಫ್ಟ್‌ವೇರ್ ಕೆಲಸದ ಶೀಲಾ. ಚಿಕ್ಕಂದಿನಿಂದ ಕೇಳಿದ ಕಥೆ. ಈ ಪ್ರಶ್ನೆಯನ್ನು ಯಾರಾದರೂ ಕೇಳಿದ್ದು ನನಗೆ ನೆನಪಿಲ್ಲ. ಈ ದೇಶದಲ್ಲಿ ಕೆಲಸ ಮುಂದುವರಿಸಲು ಬೇಕಾದ ವೀಸಾ ಲಾಟರಿಯಲ್ಲಿ ಅವಳ ಹೆಸರು ಬಂದಿಲ್ಲವೆಂದೂ ಬೇಸಿಗೆ ಮುಗಿಯುವುದರೊಳಗೆ ಅವಳು ಊರಿಗೆ ಮರಳಬೇಕೆಂದೂ ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಅಂಕಲ್ ಬೈಬಲಿನ ಹಾಳೆ ತಿರುವಿ ನೋಡಿದರು. "ಬರೆದಿಲ್ಲಮ್ಮ."

"ಅವರನ್ನ ಬಿಟ್ಟು ಎದ್ದು ಹೋದ ಅಂತಾನೂ ಬರ್ದಿಲ್ವಲ್ಲ," ಎಂದರು ಗ್ರೇಸ್ ಆಂಟಿ.

ಕೊನೆಗೆ ಬಟ್ಟಲು ಬಂದಾಗ ಆಂಟಿ ಅದರ ಮೇಲೆ ತಟ್ಟೆ ಮುಚ್ಚಿದರು. "ಈ ಸಲ ಚೀಟಿ ಬೇಡ. ಮುಂದಿನ ತಿಂಗಳು ಶೀಲಾ ಮನೇಲಿ."

"ನಂದು ಒಂದೇ ರೂಮಿನ ಸ್ಟುಡಿಯೋ ಅಪಾರ್ಟ್‌ಮೆಂಟ್, ಆಂಟಿ. ಇಷ್ಟು ಜನ ಹಿಡಿಯಲ್ಲ."

"ಒತ್ಕೊಂಡು ಕೂರ್ತೀವಿ ಬಿಡೇ."