ಭೀಮನ ಕೊಳ್ಳಕ್ಕೆ ಕಾಲು ಪಳಗಿಸಿದ ಬೇಸಿಗೆ

ನಮ್ಮೂರನ್ನು ಎಲ್ಲರೂ ಬಿಜಾಪುರ ಎಂದೇ ಕರೆಯುತ್ತಿದ್ದ ಕಾಲ ಅದು. ಶಿವರಾತ್ರಿ ಮುಗಿಯಿತೆಂದರೆ ಜೋರಾಪುರ ಪೇಟೆಯ ಮನೆಮನೆಯಲ್ಲಿ ಸಜ್ಜೆ ರೊಟ್ಟಿ ಬಡಿಯುವ ಸದ್ದು, ಹಿಂಡಿ ಕುಟ್ಟಲು ಶೇಂಗಾ ಹುರಿಯುವ ವಾಸನೆ. ಯುಗಾದಿಗೆ ಶ್ರೀಶೈಲ ಮುಟ್ಟಬೇಕೆಂದು ಹೊನವಾಡ, ಟಿಕೋಟಾ, ಬಬಲೇಶ್ವರದ ಮಂದಿ ಮಲ್ಲಯ್ಯನ ಕಂಬಿ ಎಂಬ ಸಿಂಗರಿಸಿದ ಬಿದಿರ ಅಡ್ಡೆಯನ್ನು ಹೆಗಲ ಮೇಲೆ ಹೊತ್ತು, ಬರಿಗಾಲಲ್ಲಿ ನಮ್ಮೂರ ಮೇಲೆ ಹಾದು ಹೋಗುತ್ತಿದ್ದರು. ಅಲ್ಲಿಯ ಭ್ರಮರಾಂಬೆ ನಮ್ಮ ಕಡೆಯವರಿಗೆ ಮನೆಮಗಳು, ಮಲ್ಲಯ್ಯ ಅಳಿಯ. ವರ್ಷಕ್ಕೊಮ್ಮೆ ತವರಿನ ಸೀರೆ, ಬುತ್ತಿ ಹೊತ್ತು ಹೋಗದಿದ್ದರೆ ಮಗಳು ಮುನಿಸಿಕೊಂಡಾಳು ಎಂದು ಹಿರಿಯರು ಹೇಳುತ್ತಿದ್ದರು.

ಅಪ್ಪನ ತಾಯಿ, ನಮ್ಮ ಆಯಿಗೆ, ಹೆಣ್ಣುಮಕ್ಕಳಿರಲಿಲ್ಲ. ಸಾಯುವುದರೊಳಗೆ ಒಮ್ಮೆಯಾದರೂ ಈ ಮಗಳ ಮನೆಗೆ ನಡೆದು ಹೋಗಬೇಕು ಎಂಬುದೊಂದೇ ಆಕೆಯ ಆಸೆ. ನಾನು ಶಾಲೆಯಲ್ಲಿ ನಾಲ್ಕನೇ ಇಯತ್ತೆಯಲ್ಲಿದ್ದ ವರ್ಷ ಆ ಆಸೆ ಹಟವಾಯಿತು. ಭ್ರಮರಾಂಬೆಗೆಂದು ಇಳಕಲ್ ಸೀರೆಯೂ ಬಂತು. ಆದರೆ ಕಂಬಿಯ ಮುಂದಾಳು, ಆಯಿಗೆ ಮೈದುನನಾಗಬೇಕಾದ ಹೊನವಾಡದ ಮಲಕಪ್ಪಜ್ಜ, ಮನೆಗೆ ಬಂದು ಅಡ್ಡಗಾಲು ಹಾಕಿದ.

"ವೈನಿ, ಬಯಲು ಹಾದಿ ಹೆಂಗರ ನಡೀತೀರಿ. ಕಡೀಕ ಭೀಮನ ಕೊಳ್ಳ ಐತಿ ನೋಡ್ರಿ. ಕಾಡು ದಾಟಿ, ಕೊಳ್ಳ ಇಳಿದು, ಎದುರಿನ ಗುಡ್ಡ ಏರೂದು, ಎಲ್ಲಾ ಒಂದಽ ದಿನದಾಗ. ನಡುವ ಕಾಲು ಸೋತ್ರ ನಿಮ್ಮನ್ನ ಹೊರಾವ್ರು ಯಾರು?"

"ಹಂಗಂದ್ರ ಗುಡ್ಡ ಏರೂದು ಕಲೀತೀನಿ, ತಗೋ," ಎಂದಳು ಆಯಿ.

ಕಲಿಯಲು ನಮ್ಮೂರಲ್ಲಿ ಗುಡ್ಡವೆಲ್ಲಿ? ಎತ್ತ ನೋಡಿದರೂ ಅಂಗೈಯಂಥ ಬಯಲು. ಮನೆಯ ಹತ್ತಿರ ದಿನಾ ಏರಲು ಸಿಗುವ ಎತ್ತರವೆಂದರೆ ಉಪ್ಪಲಿ ಬುರುಜು ಒಂದೇ. ಅದರ ಮೈಸುತ್ತಿ ಮೇಲೇರುವ ಕಲ್ಲಿನ ಮೆಟ್ಟಿಲುಗಳೇ ನಮ್ಮ ಶ್ರೀಶೈಲದ ಗುಡ್ಡವಾದವು.

ರಾತ್ರಿ ಅಂಗಾಲಿಗೆ ಔಡಲೆಣ್ಣೆ ತಿಕ್ಕಿಕೊಂಡು ಮಲಗಿ, ನಸುಕಿನಲ್ಲೇ ಆಯಿ ಹೊರಡುತ್ತಿದ್ದಳು. ಜೊತೆಗೆ ಅವ್ವ, ಅವ್ವನ ಸೆರಗು ಹಿಡಿದು ನಾನು. ದಾರಿಯಲ್ಲಿ ಬುತ್ತಿಯ ಗಂಟು ಇರುತ್ತದಲ್ಲ, ಹೊರೆ ಹೊತ್ತೇ ಏರುವುದು ರೂಢಿಯಾಗಬೇಕು ಎಂದು ಆಯಿ ತುಂಬಿದ ಕೊಡವೊಂದನ್ನು ತಲೆಯ ಮೇಲಿಟ್ಟುಕೊಂಡಳು. ಎರಡು ದಿನಕ್ಕೆ ಕುತ್ತಿಗೆ ಹಿಡಿಯಿತು. "ಕೊಡ ನಾ ತರ್ತೀನಿ, ನೀವು ನಡೀರಿ ಅತ್ತಿ," ಎಂದಳು ಅವ್ವ. ಅಂದಿನಿಂದ ಕೊಡ ಅವ್ವನ ತಲೆಗೇ ಬಂತು. ನಾನು ಬುರುಜಿನ ನೆತ್ತಿಯಲ್ಲಿದ್ದ ಹಳೆಯ ಫಿರಂಗಿ ತೋಪಿನ ಮೇಲೆ ಜಾರುಬಂಡಿ ಆಡುತ್ತಿದ್ದೆ. ಬೆಳಗಿನ ಹೊತ್ತು ಆ ಕಬ್ಬಿಣ ಎಷ್ಟು ತಣ್ಣಗಿರುತ್ತಿತ್ತು! "ಹಿರಿಯಕ್ಕನ ಚಾಳಿ ಮನೀಮಂದಿಗೆಲ್ಲಾ," ಎಂದು ಅಪ್ಪ ಅಂಗಡಿಗೆ ಹೊರಡುತ್ತಾ ನಗುತ್ತಿದ್ದ.

ಅವ್ವ ಮಾತು ಕಡಿಮೆಯವಳು. ತಾಯಿತಂದೆ ಇಲ್ಲದೆ ಯಾರದೋ ಮನೆಯಲ್ಲಿ ಬೆಳೆದವಳು. ಪಂಚಮಿಗೆ ಓಣಿಯ ಸೊಸೆಯಂದಿರನ್ನೆಲ್ಲ ತವರಿಗೆ ಕರೆಯಲು ಅಣ್ಣತಮ್ಮಂದಿರು ಬಂದರೆ, ಅವ್ವ ಹಿತ್ತಲಲ್ಲಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಾ ಕೂರುತ್ತಿದ್ದಳು.

ಕಂಬಿ ಹೊರಡುವ ವಾರ ಮಲಕಪ್ಪಜ್ಜ ಪರೀಕ್ಷೆಗೆ ಬಂದ. ಅಪ್ಪನೂ ಅಂಗಡಿ ಮುಚ್ಚಿ ಬಂದ. ಆಯಿ ಸೆರಗು ಬಿಗಿದು ಎಲ್ಲೂ ನಿಲ್ಲದೆ ಬುರುಜು ಏರಿದಳು. ಮೇಲೆ ನಿಂತು, "ಏನಂತೀ ಈಗ?" ಎಂದು ಮೈದುನನನ್ನು ಕೇಳಿದಳು. ನನಗೆ ಕುಣಿಯುವಷ್ಟು ಖುಷಿ.

"ಈಗ ಇಳೀರಿ ವೈನಿ. ಕೊಳ್ಳಕ್ಕ ಮೊದಲು ಇಳಿಯೂದೈತಿ," ಎಂದ ಅಜ್ಜ.

ಇಷ್ಟು ದಿನ ನಾವು ಏರುವುದನ್ನೇ ದೊಡ್ಡದು ಮಾಡಿದ್ದೆವು. ಇಳಿಯುವಾಗ ಆಯಿ ನನ್ನ ಹೆಗಲು ಹಿಡಿದು, ಕೂತು ಎದ್ದು ಬರುತ್ತಿದ್ದಳು, ಅದನ್ನು ಯಾರೂ ಲೆಕ್ಕಕ್ಕಿಟ್ಟಿರಲಿಲ್ಲ. ಬಯಲುಸೀಮೆಯ ಬುದ್ಧಿ! ಅಂದು ಒಬ್ಬಳೇ ಇಳಿಯಹೊರಟವಳ ಮೊಣಕಾಲು ಅರ್ಧಕ್ಕೇ ಕೈಕೊಟ್ಟಿತು. ಗೋಡೆ ಹಿಡಿದು ಮೆಟ್ಟಿಲ ಮೇಲೆ ಕುಸಿದಳು. "ಯವ್ವಾ, ಸಾಕು ಬಿಡು," ಎಂದು ಅಪ್ಪ ಓಡಿದ.

ಆಯಿಯ ಹಿಂದೆಯೇ ಅವ್ವ ತುಂಬಿದ ಕೊಡ ಹೊತ್ತು ನಿಂತಿದ್ದಳು. ಕೊಡ ಹಿಡಿಯದೆ ಎರಡೂ ಕೈ ಬಿಟ್ಟಿದ್ದಳು, ಒಂದು ಹನಿಯೂ ತುಳುಕಿರಲಿಲ್ಲ. ಆಯಿ ತಿರುಗಿ ಆಕೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಗೌರವ್ವಾ, ಸೀರಿ ನೀ ಒಯ್ಯಿ."

"ನಾನಽ? ಬ್ಯಾಡ್ರಿ ಅತ್ತಿ. ಮನಿ ಯಾರು ನೋಡ್ತಾರ್ರಿ?"

"ರೊಟ್ಟಿ ಬಡ್ಯಾಕ ನನ್ನ ಕೈಗೇನ ಆಗೇತಿ? ನಿನ್ನ ಕರ್ಯಾಕ ತವರಿನಾವ್ರು ಯಾರೂ ಬರಲಿಲ್ಲ. ನೀನಽ ತವರಿನಾಕಿ ಆಗಿ ಹೋಗು."

ಅವ್ವ ಕೊಡ ಇಳಿಸಿ, ಅಲ್ಲೇ ಮೆಟ್ಟಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಆಕೆ ಅಷ್ಟು ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು.

ಯುಗಾದಿಯಾಗಿ ಎಷ್ಟೋ ದಿನಕ್ಕೆ ಅವ್ವ ಮರಳಿದಳು. ಮೈ ಸುಟ್ಟು ಕಪ್ಪಾಗಿತ್ತು, ಅಂಗಾಲು ಒಡೆದಿತ್ತು, ಮುಖ ಮಾತ್ರ ಹೊಸದಾಗಿತ್ತು. ಅಷ್ಟು ದಿನವೂ ಆಯಿ, "ಇವತ್ತ ಕಾಡು ಮುಟ್ಟಿರಬೇಕು, ಇವತ್ತ ಕೊಳ್ಳ ಇಳಿದಿರಬೇಕು," ಎಂದು ಮನೆಯಲ್ಲೇ ಕೂತು ಸೊಸೆಯ ಜೊತೆ ನಡೆದಿದ್ದಳು. ಈಗ ಬಿಸಿನೀರು ತಂದು ಹೊಸ್ತಿಲ ಹೊರಗೇ ಆಕೆಯ ಕಾಲು ತೊಳೆದಳು. ಅತ್ತೆ ಸೊಸೆಯ ಕಾಲು ಹಿಡಿಯುವುದೇ! ಅವ್ವ ಕಾಲು ಎಳೆದುಕೊಂಡಳು. ಆಯಿ ಬಿಡಲಿಲ್ಲ. "ಮಗಳು ಆರಾಮ ಅದಾಳಿಲ್ಲೋ?" ಎಂದಷ್ಟೇ ಕೇಳಿದಳು.

ಈಗ ಅವರಿಬ್ಬರೂ ಇಲ್ಲ. ಕಳೆದ ಯುಗಾದಿಗೆ ನಾನೂ ಶ್ರೀಶೈಲಕ್ಕೆ ಹೋಗಿದ್ದೆ. ಸಂಜೆ ಬಸ್ಸು ಹತ್ತಿ ನಿದ್ದೆ ಮಾಡಿದೆ, ಬೆಳಿಗ್ಗೆ ಗುಡಿಯ ಹತ್ತಿರ ಇಳಿದೆ. ಭೀಮನ ಕೊಳ್ಳ ಯಾವ ಕಡೆಗಿದೆಯೋ, ಕೇಳಲೂ ಇಲ್ಲ. ಮರಳಿ ಬಂದಾಗ ನನ್ನ ಸೊಸೆ ಬಾಗಿಲು ತೆಗೆದು, "ಇಷ್ಟ ಲಗೂ ಬಂದ್ರಿ?" ಎಂದಳು. ಒಳ್ಳೆಯ ಹುಡುಗಿ, ಚಹಾ ಮಾಡಿಕೊಟ್ಟಳು. ಕಾಲು ನೋಯದಂತೆ ಹೋಗಿಬರುವುದನ್ನು ನಾವೆಲ್ಲ ಕಲಿತೆವು. ತಾನು ಹೋಗಬೇಕಾದಲ್ಲಿಗೆ ಇನ್ನೊಬ್ಬಳನ್ನು ಕಳಿಸಿ, ಆಕೆಯ ದಾರಿ ಕಾಯುವ ಸುಖ ಮಾತ್ರ ನಮಗೆ ಉಳಿಯಲಿಲ್ಲ.